ಬೆಳಗಿನ ಕೆಂಪು ದೀಪ ಮತ್ತು ಆಯಿಲ್ ಫಿಲ್ಟರ್

ಗ್ಯಾರೇಜ್ ಪ್ರಶ್ನೋತ್ತರ

ಕಳೆದ ಸಂಚಿಕೆಯಲ್ಲಿ ಎಂಜಿನ್ ಆಯಿಲ್ ಬದಲಿಸುವ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆಯಿಲ್ ಫಿಲ್ಟರ್ ಕುರಿತೇ ಇದ್ದವು. ಬರೆದವರಲ್ಲಿ ಬಹುಪಾಲು ಪಿಕಪ್ ಇಟ್ಟುಕೊಂಡು ಬಾಡಿಗೆ ಹೊಡೆದು ಬದುಕುವವರು. ಗಾಡಿ ಎರಡು ದಿನ ನಿಂತರೆ ಮನೆ ಖರ್ಚು ನಿಲ್ಲುವ ಸಂಸಾರಗಳು ಇವು. ಹಾಗಾಗಿ ಈ ಸಲ ಪೂರ್ತಿ ಜಾಗವನ್ನು ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನದು ಬಿಎಸ್4 ಬೊಲೆರೊ ಪಿಕಪ್, 2,523 ಸಿಸಿ ಡೀಸೆಲ್ ಎಂಜಿನ್. ಸೀಜನ್ನಿನಲ್ಲಿ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊಡೆಯುತ್ತೇನೆ, ಉಳಿದ ದಿನ ಸಿಕ್ಕ ಬಾಡಿಗೆ. 1.8 ಲಕ್ಷ ಕಿ.ಮೀ. ಓಡಿದೆ. ಅಂಗಡಿಯಲ್ಲಿ ಮೂರು ಬಗೆಯ ಆಯಿಲ್ ಫಿಲ್ಟರ್ ತೋರಿಸಿದರು: ಕಂಪನಿಯದು, ಹೆಸರಾಂತ ಬ್ರ್ಯಾಂಡಿನದು, ಮತ್ತು ಇವೆರಡರ ಅರ್ಧ ಬೆಲೆಯೂ ಇಲ್ಲದ ಇನ್ನೊಂದು. ಥ್ರೆಡ್ ಒಂದೇ, ಯಾವುದಾದರೂ ನಡೆಯುತ್ತದೆ ಎಂದರು. ಹೋದ ಸಲ ಕಡಿಮೆ ಬೆಲೆಯದನ್ನೇ ಹಾಕಿಸಿದೆ. ಈಚೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ದೀಪ ಆರಲು ನಾಲ್ಕೈದು ಸೆಕೆಂಡು ಬೇಕಾಗುತ್ತಿದೆ. ಎರಡಕ್ಕೂ ಸಂಬಂಧ ಇದೆಯೇ? ಯಾವುದನ್ನು ಕೊಳ್ಳಲಿ?
— ಓದುಗರು, ಮುಳಬಾಗಿಲು

ಉತ್ತರ: ಸಂಬಂಧ ಇರುವ ಸಾಧ್ಯತೆ ಬಹಳ ಇದೆ. ನಿಮ್ಮ ಪತ್ರ ಓದಿದ ದಿನವೇ, ಬೇರೆ ಬೇರೆ ಪಿಕಪ್‌ಗಳಿಂದ ಬಿಚ್ಚಿಟ್ಟಿದ್ದ ಎರಡು ಹಳೆಯ ಫಿಲ್ಟರ್‌ಗಳನ್ನು ಬೆಂಚಿನ ಮೇಲೆ ಇಟ್ಟು ಕತ್ತರಿಸಿದೆ. ಒಂದು ಕಂಪನಿಯದು, ಇನ್ನೊಂದು ನೀವು ಹೇಳಿದಂಥ ಅರ್ಧ ಬೆಲೆಯದು. ಹೊರಗಿನಿಂದ ಎತ್ತರ, ಸುತ್ತಳತೆ, ಬಣ್ಣ ಎಲ್ಲ ಒಂದೇ. ಒಳಗೆ ಕಂಡದ್ದನ್ನು ಹೇಳುತ್ತೇನೆ.

ಫಿಲ್ಟರ್ ತಲೆಕೆಳಗು ಮಾಡಿದರೆ ನಡುವೆ ಥ್ರೆಡ್ ಇರುವ ದೊಡ್ಡ ತೂತು, ಅದರ ಸುತ್ತ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಪಂಪ್ ತಳ್ಳಿದ ಆಯಿಲ್ ಸಣ್ಣ ತೂತುಗಳಿಂದ ಒಳಗೆ ಹೋಗಿ, ಸೀರೆಯ ನೆರಿಗೆಯಂತೆ ಮಡಿಸಿಟ್ಟ ಕಾಗದವನ್ನು ಹೊರಗಿನಿಂದ ಒಳಕ್ಕೆ ಹಾಯ್ದು, ನಡುವಿನ ದೊಡ್ಡ ತೂತಿನಿಂದ ಎಂಜಿನ್ನಿಗೆ ಮರಳುತ್ತದೆ. ಸಣ್ಣ ತೂತುಗಳ ಕೆಳಗೆ ಒಂದು ತೆಳು ರಬ್ಬರ್ ಬಿಲ್ಲೆ ಇರುತ್ತದೆ. ಆಯಿಲ್ ಬರುವಾಗ ಅದು ಬಾಗಿ ದಾರಿ ಬಿಡುತ್ತದೆ, ಎಂಜಿನ್ ನಿಂತಾಗ ತೂತುಗಳನ್ನು ಮುಚ್ಚಿ ಆಯಿಲನ್ನು ಒಳಗೇ ಹಿಡಿದಿಡುತ್ತದೆ. ಇದು ಆ್ಯಂಟಿ ಡ್ರೈನ್ ಬ್ಯಾಕ್ ವಾಲ್ವ್. ಕಂಪನಿಯ ಫಿಲ್ಟರಿನಲ್ಲಿ ಈ ಬಿಲ್ಲೆ ಒಂದು ಸರ್ವಿಸ್ ಅವಧಿ ಪೂರ್ತಿ ಬಿಸಿ ಆಯಿಲಿನಲ್ಲಿ ಬೆಂದಿದ್ದರೂ ಬೆರಳಲ್ಲಿ ಒತ್ತಿದರೆ ಬಾಗಿ ಹಿಂದಕ್ಕೆ ಬಂತು. ಕಡಿಮೆ ಬೆಲೆಯದರಲ್ಲಿ ಒಣಗಿದ ಹಪ್ಪಳದಂತೆ ಸೆಟೆದುಕೊಂಡಿತ್ತು. ಅಂಚು ಮೇಲೆದ್ದು ಒಂದು ಕಡೆ ಉಗುರು ತೂರುವಷ್ಟು ಸಂದು ಬಿದ್ದಿತ್ತು.

ಆಯಿಲ್ ಒತ್ತಡ ಸಾಲದಿರುವಾಗ ಉರಿಯುವ ಆ ಬೆಳಗಿನ ಕೆಂಪು ದೀಪಕ್ಕೆ ಈ ಸಂದೇ ಕಾರಣವಾಗುತ್ತದೆ. ರಾತ್ರಿ ಗಾಡಿ ನಿಂತಾಗ ಫಿಲ್ಟರಿನಲ್ಲಿದ್ದ ಆಯಿಲ್ ಮೆಲ್ಲಗೆ ಚೇಂಬರಿಗೆ, ಅಂದರೆ ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಗೆ, ಇಳಿದುಹೋಗುತ್ತದೆ. ಫಿಲ್ಟರ್ ಅಡ್ಡ ಅಥವಾ ಓರೆಯಾಗಿ ಕೂರುವ ಎಂಜಿನ್ನುಗಳಲ್ಲಿ ಇದು ಇನ್ನೂ ಬೇಗ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪಂಪ್ ಮೊದಲು ಖಾಲಿ ಡಬ್ಬಿಯನ್ನು ತುಂಬಿಸಬೇಕು, ಆಮೇಲೆ ತಿರುಗುವ ಶಾಫ್ಟನ್ನು ಹೊರುವ ಬೇರಿಂಗಿಗೆ ಕಳಿಸಬೇಕು. ಆ ನಾಲ್ಕೈದು ಸೆಕೆಂಡು ಕ್ರ್ಯಾಂಕ್ ಶಾಫ್ಟ್ ತಿರುಗುವುದು ನಿನ್ನೆ ಉಳಿದ ಪಸೆಯ ಮೇಲೆ. ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ಪಾಡು ಇನ್ನೂ ಕಷ್ಟ. ಲೋಡಿನಲ್ಲಿ ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಅದರ ಶಾಫ್ಟಿಗೆ ಆಯಿಲ್ ಪದರ ಬಿಟ್ಟು ಬೇರೆ ಆಸರೆಯೇ ಇಲ್ಲ. ಒಂದು ದಿನದ ನಾಲ್ಕು ಸೆಕೆಂಡಿನಿಂದ ಏನೂ ಆಗದು. ಆದರೆ ನೀವು ರಾತ್ರಿ ಎರಡಕ್ಕೆ ಎದ್ದು ತೋಟಕ್ಕೆ ಹೋಗುವವರು, ವರ್ಷಕ್ಕೆ ಮುನ್ನೂರು ಸಲ ತಣ್ಣಗಿನ ಎಂಜಿನ್ನನ್ನು ಎಬ್ಬಿಸುತ್ತೀರಿ. ಲೆಕ್ಕ ಹಾಕಿ ನೋಡಿ.

ಇನ್ನು ಕಾಗದ. ಎರಡನ್ನೂ ಬಿಡಿಸಿ ಹಾಸಿ ನೆರಿಗೆ ಎಣಿಸಿದೆ. ಕಂಪನಿಯದರಲ್ಲಿ 58, ಇನ್ನೊಂದರಲ್ಲಿ 37. ನೆರಿಗೆ ಕಡಿಮೆಯಾದಷ್ಟೂ ಕಸ ಹಿಡಿಯುವ ಜಾಗ ಕಡಿಮೆ, ಬೇಗ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ನನಗೆ ಸಂಕಟವಾದದ್ದು ಕಾಗದದ ತುದಿ ನೋಡಿ. ನೆರಿಗೆಯ ಎರಡು ತುದಿಗಳನ್ನು ಮುಚ್ಚುವ ಬಿಲ್ಲೆಗೆ ಕಾಗದ ಸುತ್ತಲೂ ಅಂಟಿರಬೇಕು. ಇದರಲ್ಲಿ ಒಂದು ಕಡೆ ಅಂಟು ಬಿಟ್ಟು ಕಿರುಬೆರಳಿನ ಉಗುರಿನಷ್ಟು ಬಾಯಿ ತೆರೆದಿತ್ತು. ದ್ರವ ಯಾವಾಗಲೂ ಸಲೀಸಾದ ದಾರಿ ಹಿಡಿಯುತ್ತದೆ. ಆ ಬಾಯಿ ತೆರೆದ ದಿನದಿಂದ ಆ ಎಂಜಿನ್ನಿಗೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಮೂರನೆಯದು ಬೈಪಾಸ್ ವಾಲ್ವ್. ಇದರ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಬಿಡಿಸಿ ಹೇಳಬೇಕು. ಕಾಗದ ಕಸದಿಂದ ಕಟ್ಟಿಕೊಂಡಾಗ ಅಥವಾ ಚಳಿಗೆ ಆಯಿಲ್ ಗಟ್ಟಿಯಾಗಿ ಕಾಗದವನ್ನು ಹಾಯಲಾರದಾಗ, ಸ್ಪ್ರಿಂಗ್ ಇರುವ ಒಂದು ವಾಲ್ವ್ ತೆರೆದು ಸೋಸದ ಆಯಿಲನ್ನೇ ಬೇರಿಂಗಿಗೆ ಬಿಡುತ್ತದೆ. ಕೊಳೆ ಆಯಿಲಾದರೂ ಸರಿ, ಬರಿ ಲೋಹ ಉಜ್ಜಬಾರದು ಎಂಬುದು ಲೆಕ್ಕ. ಅದು ಎಷ್ಟು ಒತ್ತಡಕ್ಕೆ ತೆರೆಯಬೇಕು ಎಂಬುದನ್ನು ಎಂಜಿನ್ ಮಾಡಿದವರು ನಿಗದಿ ಮಾಡಿರುತ್ತಾರೆ. ಸಾಮಾನ್ಯವಾಗಿ 1ರಿಂದ 2 ಬಾರ್ ಆಸುಪಾಸು. ಕೆಲವು ಎಂಜಿನ್ನುಗಳಲ್ಲಿ ಈ ವಾಲ್ವ್ ಫಿಲ್ಟರಿನಲ್ಲಿ ಇರುತ್ತದೆ, ಕೆಲವುಗಳಲ್ಲಿ ಎಂಜಿನ್ ಬ್ಲಾಕಿನಲ್ಲೇ ಇರುತ್ತದೆ. ಫಿಲ್ಟರಿನಲ್ಲಿ ಇರಬೇಕಾದ ಗಾಡಿಗೆ ಅದಿಲ್ಲದ ಫಿಲ್ಟರ್ ಹಾಕಿದರೆ, ಕಾಗದ ಕಟ್ಟಿಕೊಂಡ ದಿನ ಆಯಿಲಿಗೆ ದಾರಿಯೇ ಇರುವುದಿಲ್ಲ. ಒತ್ತಡಕ್ಕೆ ಕಾಗದ ಹರಿದು ಅದರ ಚೂರುಗಳು ಬೇರಿಂಗಿನ ತೂತಿಗೆ ಹೋಗಿ ಕೂರಬಹುದು. ಸ್ಪ್ರಿಂಗ್ ತೀರಾ ಸಡಿಲವಿದ್ದರೆ ಆಗಾಗ ತೆರೆದುಕೊಂಡು ಸೋಸದ ಆಯಿಲ್ ಹರಿಯುತ್ತಲೇ ಇರುತ್ತದೆ. ಇದು ಯಾವುದೂ ಹೊರಗಿನಿಂದ ಕಾಣದು.

ಥ್ರೆಡ್ ಕೂರಿತು ಎಂದ ಮಾತ್ರಕ್ಕೆ ಫಿಲ್ಟರ್ ಸರಿ ಎನ್ನಲಾಗದು ಎನ್ನುವುದು ಇದಕ್ಕೇ. ಕೂತಂತೆ ಕಾಣುವ ಥ್ರೆಡ್ ಕೂಡ ಮೋಸ ಮಾಡುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಮುಕ್ಕಾಲು ಇಂಚು, ಇಂಚಿಗೆ 16 ಸುತ್ತಿನ ಥ್ರೆಡ್ ಇದೆ. 20 ಮಿ.ಮೀ., ಒಂದೂವರೆ ಮಿ.ಮೀ. ಪಿಚ್ಚಿನ (ಸುತ್ತಿನಿಂದ ಸುತ್ತಿಗಿರುವ ಅಂತರ) ಥ್ರೆಡ್ಡೂ ಇದೆ. ಮುಕ್ಕಾಲು ಇಂಚು ಎಂದರೆ 19.05 ಮಿ.ಮೀ. ಎರಡಕ್ಕೂ ಇರುವ ಅಂತರ ಒಂದು ಮಿ.ಮೀ.ಗಿಂತ ಕಡಿಮೆ. ಎಂಜಿನ್ನಿನಲ್ಲಿ ಫಿಲ್ಟರ್ ಕೂರುವ ಇಂಚಿನ ಸ್ಟಡ್ಡಿಗೆ 20ರ ಫಿಲ್ಟರ್ ತಿರುಗಿಸಿದರೆ ಹೋಗುತ್ತದೆ, ಅಂಚಿನ ರಬ್ಬರ್ ರಿಂಗ್ ತಾಗಿದಾಗ ಬಿಗಿಯಾದಂತೆಯೂ ಅನಿಸುತ್ತದೆ. ಆದರೆ ಹಲ್ಲು ಹಿಡಿದಿರುವುದು ತುದಿಯಲ್ಲಿ ಮಾತ್ರ. ಕೆಲವು ವರ್ಷಗಳ ಹಿಂದೆ ಮಾವಿನ ಸೀಜನ್ನಿನಲ್ಲಿ ಶ್ರೀನಿವಾಸಪುರದ ಕಡೆಯಿಂದ ಒಂದು ಪಿಕಪ್ಪನ್ನು ಹಗ್ಗ ಕಟ್ಟಿ ನನ್ನಲ್ಲಿಗೆ ಎಳೆದು ತಂದರು. ಬೇರೊಂದು ಊರಿನಲ್ಲಿ ಹಿಂದಿನ ದಿನ ಹಾಕಿಸಿದ ಫಿಲ್ಟರ್ ಲೋಡಿನಲ್ಲಿ ಸಡಿಲಗೊಂಡು, ಆಯಿಲೆಲ್ಲ ರಸ್ತೆಗೆ ಚೆಲ್ಲಿ, ಎಂಜಿನ್ ಸೀಜ್ ಆಗಿತ್ತು. ಗಾಡಿ ಓಡಿಸುತ್ತಿದ್ದ ಹುಡುಗ ದೀಪ ಹತ್ತಿದ್ದನ್ನು ನೋಡಿದ್ದ. ಮಂಡಿ ಇನ್ನು ಎರಡೇ ಕಿಲೋಮೀಟರ್ ಇದೆಯಲ್ಲ ಎಂದು ಓಡಿಸಿದ್ದ. ಕ್ರ್ಯಾಂಕ್ ತೆಗೆದಾಗ ಬೇರಿಂಗ್ ಚಿಪ್ಪು ಅದಕ್ಕೆ ಬೆಸೆದುಕೊಂಡಿತ್ತು. ಫಿಲ್ಟರ್ ಸ್ಟಡ್ಡಿನ ಮೇಲೆ ತಿರುಗಿಸಿ ನೋಡಿದೆ, ಕೊನೆಯ ಸುತ್ತಿನವರೆಗೂ ಗಡಗಡ ಅಲ್ಲಾಡುತ್ತಿತ್ತು. ಅವನ ತಂದೆ ಗ್ಯಾರೇಜಿನ ಮೆಟ್ಟಿಲ ಮೇಲೆ ತಲೆಗೆ ಕೈ ಕೊಟ್ಟು ಕೂತಿದ್ದರು. ಆ ದಿನದಿಂದ ನಾನು ಹೊಸ ಫಿಲ್ಟರನ್ನು ರಬ್ಬರ್ ತಾಗುವ ಮೊದಲು ಒಮ್ಮೆ ಅಲ್ಲಾಡಿಸಿ ನೋಡದೆ ಹಾಕಿಲ್ಲ. ನೀವೂ ನೋಡಿ.

ಹಾಗಾದರೆ ಯಾವುದು? ಗಾಡಿಯ ಕೈಪಿಡಿಯಲ್ಲಿರುವ ಪಾರ್ಟ್ ನಂಬರಿನ ಕಂಪನಿ ಫಿಲ್ಟರ್, ಇಲ್ಲವೇ ಆ ಪಾರ್ಟ್ ನಂಬರಿಗೆ ಸಮನಾದದ್ದು ಎಂದು ಫಿಲ್ಟರ್ ತಯಾರಕರ ಪಟ್ಟಿಯಲ್ಲೇ ಇರುವ ಹೆಸರಾಂತ ಬ್ರ್ಯಾಂಡ್. ಈ ಎರಡರಲ್ಲಿ ನಾನು ಭೇದ ಮಾಡುವುದಿಲ್ಲ. ಬಾಷ್, ಎಲೋಫಿಕ್, ಪ್ಯೂರೊಲೇಟರ್, ಫ್ಲೀಟ್‌ಗಾರ್ಡ್ ಇವರೆಲ್ಲ ಫಿಲ್ಟರ್ ಮಾಡಿ ಪಳಗಿದವರು. ಪ್ಯೂರೊಲೇಟರ್ ಎಂಬ ಹೆಸರೇ ಒಂದು ನೂರು ವರ್ಷದ ಕತೆ. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬುವರು ಮೋಟಾರು ಗಾಡಿಗೆ ಮೊದಲ ಆಯಿಲ್ ಫಿಲ್ಟರ್ ರೂಪಿಸಿ, 'ಪ್ಯೂರ್ ಆಯಿಲ್ ಲೇಟರ್' ಎಂಬ ಮೂರು ಪದ ಜೋಡಿಸಿ ಆ ಹೆಸರಿಟ್ಟರು. ಮೂರನೆಯ ಅರ್ಧ ಬೆಲೆಯದನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ನೀವು ಉಳಿಸುವುದು ನೂರೋ ಇನ್ನೂರೋ ರೂಪಾಯಿ. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್, ಟರ್ಬೊ ಎಂದು ಎಂಜಿನ್ ಇಳಿಸಿದರೆ ಹತ್ತಾರು ಸಾವಿರ, ಜೊತೆಗೆ ಸೀಜನ್ನಿನ ಹದಿನೈದು ದಿನದ ಬಾಡಿಗೆ.

ಡೂಪ್ಲಿಕೇಟ್ ಮಾಲಿನ ಭಯ ಇದ್ದೇ ಇದೆ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದಾಗ ಅಧಿಕೃತ ಡೀಲರ್ ಯಾರೆಂದು ಕೇಳಿ ಒಮ್ಮೆಗೆ ಮೂರು ನಾಲ್ಕು ತಂದಿಟ್ಟುಕೊಳ್ಳುವ ಚಾಲಕರಿದ್ದಾರೆ, ಅದು ಒಳ್ಳೆಯ ಅಭ್ಯಾಸ. ಬಳಸಿದ ಮೇಲೆ ಫಿಲ್ಟರ್ ಬಂದ ರಟ್ಟಿನ ಪೆಟ್ಟಿಗೆಯನ್ನು ಹಾಗೇ ಬಿಸಾಡದೆ ಹರಿದು ಹಾಕಿ. ಡೂಪ್ಲಿಕೇಟ್ ಮಾಲು ತುಂಬಲು ಖಾಲಿ ಪೆಟ್ಟಿಗೆಯನ್ನೂ ಕೊಳ್ಳುವವರಿದ್ದಾರೆ.

ಒಂದು ಎಚ್ಚರಿಕೆ. ಹೊಸ ಫಿಲ್ಟರ್ ಹಾಕಿದ ಮೇಲೂ ದೀಪ ಅಷ್ಟೇ ಹೊತ್ತು ಉಳಿದರೆ ಕಾರಣ ಬೇರೆ ಇದೆ. 1.8 ಲಕ್ಷ ಓಡಿದ ಎಂಜಿನ್ನಿನಲ್ಲಿ ಆಯಿಲ್ ಪಂಪ್ ಸವೆದಿರಬಹುದು, ಬೇರಿಂಗ್ ಸಡಿಲವಾಗಿರಬಹುದು. ದೀಪದ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿ ಒತ್ತಡ ನೋಡಿಸಿ. ಹತ್ತು ನಿಮಿಷದ ಕೆಲಸ. ಅದನ್ನು ಮಾಡದೆ ಯಾರಾದರೂ ಎಂಜಿನ್ ಇಳಿಸೋಣ ಎಂದರೆ ಒಪ್ಪಬೇಡಿ.

ಪ್ರಶ್ನೆ: ನಮ್ಮ ಮನೆಯವರು ಪಿಕಪ್ಪಿನಲ್ಲಿ ಹಾಲಿನ ಕ್ಯಾನ್ ಸಾಗಿಸುತ್ತಾರೆ, ಲೆಕ್ಕಪತ್ರ ಮತ್ತು ಸರ್ವಿಸ್ ನೋಡಿಕೊಳ್ಳುವುದು ನಾನು. ಒಳ್ಳೆಯ ಬ್ರ್ಯಾಂಡಿನ ಫಿಲ್ಟರನ್ನೇ ಹಾಕಿಸುತ್ತೇನೆ. ಆದರೂ ಹೊಸ ಆಯಿಲ್ ಒಂದು ವಾರಕ್ಕೇ ಕಪ್ಪಾಗುತ್ತದೆ. ಫಿಲ್ಟರ್ ಕೆಲಸ ಮಾಡುತ್ತಿಲ್ಲವೇ?
— ಓದುಗರು, ಮಾಲೂರು

ಉತ್ತರ: ಮಾಡುತ್ತಿದೆ ಅಮ್ಮ, ಹೆದರಬೇಡಿ. ಡೀಸೆಲ್ ಉರಿಯುವಾಗ ಮಸಿ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲಿಗೆ ಸೇರುತ್ತದೆ. ಆ ಮಸಿಯ ಕಣ ಎಷ್ಟು ಸಣ್ಣದೆಂದರೆ ಒಂದು ಮೈಕ್ರಾನಿಗಿಂತಲೂ ಬಹಳ ಕಡಿಮೆ. ನಿಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ ಎಂದರೆ ಅಂದಾಜು ಸಿಕ್ಕೀತು. ಅದನ್ನು ಹಿಡಿಯುವಷ್ಟು ಬಿಗಿಯಾದ ಕಾಗದ ಹಾಕಿದರೆ ಆಯಿಲೇ ಹಾಯುವುದಿಲ್ಲ. ಫಿಲ್ಟರ್ ಇರುವುದು ಬೇರಿಂಗಿನ ಆಯಿಲ್ ಪದರಕ್ಕಿಂತ ದಪ್ಪವಾದ ಲೋಹದ ಚೂರು, ಮರಳಿನ ಕಣ, ಸುಟ್ಟ ಆಯಿಲಿನ ಕರಟು ಇವನ್ನು ಹಿಡಿಯಲು. ಮಸಿಯನ್ನು ಗಂಟು ಕಟ್ಟದಂತೆ ಚದುರಿಸಿ ಇಟ್ಟುಕೊಳ್ಳುವುದು ಆಯಿಲಿಗೆ ಬೆರೆಸಿರುವ ರಾಸಾಯನಿಕದ ಕೆಲಸ. ಆಯಿಲ್ ಕಪ್ಪಾಗಿದೆ ಎಂದರೆ ಅದು ಮಸಿಯನ್ನು ಹೊತ್ತುಕೊಂಡಿದೆ ಎಂದು ತಿಳಿಯಿರಿ. ಮಸಿಯನ್ನು ಹೊರದ ಆಯಿಲ್ ಅದನ್ನು ಎಂಜಿನ್ನಿನ ಒಳಗೋಡೆಗೆ ಮೆತ್ತಿಬಿಡುತ್ತದೆ.

ಡಿಪ್‌ಸ್ಟಿಕ್ಕಿನ (ಆಯಿಲ್ ಮಟ್ಟ ಅಳೆಯುವ ಕಡ್ಡಿಯ) ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ. ನುಣುಪಾಗಿ ಜಾರಿದರೆ ಸರಿ. ಮರಳು ಮರಳಾಗಿ ತಾಗಿದರೆ, ಡೀಸೆಲ್ ವಾಸನೆ ಹೊಡೆದರೆ, ಹಾಲು ಬೆರೆತ ಕಾಫಿಯ ಬಣ್ಣ ಬಂದರೆ ಆಗ ಮೆಕ್ಯಾನಿಕ್ ಹತ್ತಿರ ಹೋಗಿ. ಕೊನೆಯದು ಆಯಿಲಿಗೆ ನೀರು ಸೇರಿದ ಗುರುತು, ಅಂಥ ದಿನ ಗಾಡಿ ಹೊರಡಿಸಲೇಬೇಡಿ. ಲೆಕ್ಕದ ಪುಸ್ತಕದಲ್ಲಿ ಫಿಲ್ಟರ್ ಬದಲಿಸಿದ ಕಿ.ಮೀ. ಬರೆದಿಡುತ್ತೀರಿ ಎಂದು ಪತ್ರದ ಕೊನೆಯಲ್ಲಿ ಹೇಳಿದ್ದೀರಿ. ಬಹಳ ಸಂತೋಷ. ಹಾಲಿನ ಗಾಡಿ ಪ್ರತಿ ಡೇರಿಯ ಮುಂದೆ ನಿಂತು ಎಂಜಿನ್ ಓಡಿಸುತ್ತಲೇ ಇರುತ್ತದೆ. ಆ ಹೊತ್ತು ಮೀಟರಿನಲ್ಲಿ ಬರುವುದಿಲ್ಲ. ಆದ್ದರಿಂದ ಕೈಪಿಡಿಯಲ್ಲಿ ಹೇಳಿದ ದೂರಕ್ಕಿಂತ ಸ್ವಲ್ಪ ಮೊದಲೇ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಒಟ್ಟಿಗೆ ಬದಲಿಸಿ.

ಪ್ರಶ್ನೆ: ಆಯಿಲ್ ಫಿಲ್ಟರನ್ನು ಡೀಸೆಲಿನಲ್ಲಿ ತೊಳೆದು, ಗಾಳಿ ಹೊಡೆದು ಇನ್ನೊಂದು ಸಲ ಬಳಸಬಹುದೇ?
— ಓದುಗರು, ಗೌರಿಬಿದನೂರು

ಉತ್ತರ: ಬೇಡ. ಕಸ ನೆರಿಗೆಯ ಹೊರಮೈಯಲ್ಲಿ ಮಾತ್ರ ಇರುವುದಿಲ್ಲ, ಕಾಗದದ ನಾರಿನೊಳಗೆ ಸಿಕ್ಕಿಕೊಂಡಿರುತ್ತದೆ. ಗಾಳಿ ಹೊಡೆದರೆ ಕಾಗದ ಹರಿಯುತ್ತದೆ, ಅಥವಾ ಕಸ ಶುದ್ಧ ಆಯಿಲ್ ಹರಿಯುವ ಒಳಭಾಗಕ್ಕೆ ದಾಟುತ್ತದೆ. ತೊಳೆದ ಫಿಲ್ಟರಿಗಿಂತ ಕೊಳೆಯಾದ ಫಿಲ್ಟರೇ ವಾಸಿ.

ಪ್ರಶ್ನೆ: ನನ್ನದು ಬಿಎಸ್6 ಪಿಕಪ್, ಡಿಪಿಎಫ್ ಇದೆ. ಊರೊಳಗೇ ಡೆಲಿವರಿ ಮಾಡುತ್ತೇನೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದೆ. ಇನ್ನೂ ಉತ್ತಮ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಫಿಲ್ಟರಿನಿಂದ ಇದು ಸರಿಹೋಗುವುದಿಲ್ಲ. ಡಿಪಿಎಫ್ ಎಂದರೆ ಹೊಗೆಯ ಮಸಿಯನ್ನು ಹಿಡಿಯುವ ಜಾಲರಿ. ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಹೊಗೆಯನ್ನು ಬಿಸಿ ಮಾಡಿ ಆ ಮಸಿಯನ್ನು ಸುಡುತ್ತದೆ. ಅನೇಕ ಗಾಡಿಗಳಲ್ಲಿ ಈ ಡೀಸೆಲನ್ನು ಸಿಲಿಂಡರಿನೊಳಗೇ ಚಿಮ್ಮಿಸುವುದರಿಂದ ಸ್ವಲ್ಪ ಭಾಗ ಉರಿಯದೆ ಗೋಡೆಗೆ ಹತ್ತಿ, ರಿಂಗ್ ದಾಟಿ ಆಯಿಲಿಗೆ ಇಳಿಯುತ್ತದೆ. ಊರೊಳಗಿನ ಓಡಾಟದಲ್ಲಿ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಪ್ರತಿ ಸಲವೂ ಇನ್ನಷ್ಟು ಡೀಸೆಲ್ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ, ಬೇರಿಂಗಿನ ಪದರವೂ ತೆಳುವಾಗುತ್ತದೆ. ಆಯಿಲಿನಲ್ಲಿ ಕರಗಿದ ಡೀಸೆಲನ್ನು ಯಾವ ಕಾಗದವೂ ಬೇರ್ಪಡಿಸಲಾರದು.

ಮಟ್ಟ ಮೇಲಿನ ಗೆರೆ ದಾಟಿದ್ದರೆ ಈ ವಾರವೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಆಯಿಲ್ ಡಿಪಿಎಫ್ ಗಾಡಿಗೆಂದೇ ಇರುವ ಕಡಿಮೆ ಬೂದಿಯದಾಗಿರಬೇಕು, ಡಬ್ಬಿಯ ಮೇಲಿನ ದರ್ಜೆ ಕೈಪಿಡಿಯಲ್ಲಿ ಹೇಳಿದ್ದೇ ಆಗಿರಬೇಕು. ಆಮೇಲೆ ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ. ಆದರೂ ಮಟ್ಟ ಏರಿದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿರಬಹುದು, ಪರೀಕ್ಷೆ ಮಾಡಿಸಿ.

ಪ್ರಶ್ನೆ: ಸಂಡೂರಿನ ಕಡೆ ಅದಿರಿನ ಧೂಳಿನ ರಸ್ತೆಯಲ್ಲೇ ನನ್ನ ಪಿಕಪ್ ಓಡುತ್ತದೆ. ಅದೇ ಥ್ರೆಡ್ಡಿನ ಉದ್ದನೆಯ, ದೊಡ್ಡ ಆಯಿಲ್ ಫಿಲ್ಟರ್ ಹಾಕಿದರೆ ಹೆಚ್ಚು ಧೂಳು ಹಿಡಿಯುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಹಾಕಲೇ?
— ಓದುಗರು, ಬಳ್ಳಾರಿ ಜಿಲ್ಲೆ

ಉತ್ತರ: ದೊಡ್ಡ ಫಿಲ್ಟರಿಗೆ ಹೆಚ್ಚು ಕಸ ಹಿಡಿಯುವ ಜಾಗ ಇರುವುದು ನಿಜ. ಆದರೆ ಅದರ ಬೈಪಾಸ್ ಒತ್ತಡ ನಿಮ್ಮ ಎಂಜಿನ್ನಿನದಲ್ಲ, ಮೇಲಾಗಿ ಕೆಳಗೆ ಚಾಚಿಕೊಂಡ ಡಬ್ಬಿಗೆ ನಿಮ್ಮ ರಸ್ತೆಯ ಒಂದು ಕಲ್ಲು ಬಡಿದರೆ ಸಾಕು. ಬೇಡ. ಧೂಳು ಎಂಜಿನ್ನಿಗೆ ಬರುವುದು ಗಾಳಿಯ ದಾರಿಯಿಂದ. ಒಳಗೆ ಬಂದ ಧೂಳು ಮೊದಲು ಸಿಲಿಂಡರ್ ಗೋಡೆಯನ್ನು ತಿಂದು, ಆಮೇಲೆ ಆಯಿಲಿಗೆ ಇಳಿಯುತ್ತದೆ. ಆಯಿಲ್ ಫಿಲ್ಟರ್ ಅದನ್ನು ಹಿಡಿಯುವ ಹೊತ್ತಿಗೆ ಅರ್ಧ ಹಾನಿ ಆಗಿಹೋಗಿರುತ್ತದೆ. ನೀವು ಹಣ ಹಾಕಬೇಕಾದ್ದು ಏರ್ ಫಿಲ್ಟರಿಗೆ. ಅದರ ಡಬ್ಬಿಯಿಂದ ಟರ್ಬೊವರೆಗಿನ ರಬ್ಬರ್ ಪೈಪನ್ನು ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಹತ್ತಿದರೆ ಕ್ಲಾಂಪ್ ಸಡಿಲ ಇದೆ ಅಥವಾ ಪೈಪ್ ಸೀಳಿದೆ ಎಂದರ್ಥ. ಅದನ್ನು ಅಂದೇ ಸರಿಮಾಡಿಸಿ.

ಆಯಿಲ್ ಫಿಲ್ಟರ್ ನಿಮ್ಮ ಗಾಡಿಯ ಅಳತೆಯದೇ ಇರಲಿ, ಬದಲಿಸುವ ಅವಧಿ ಮಾತ್ರ ಕಡಿಮೆ ಮಾಡಿ. ಬಿಚ್ಚಿದ ಹಳೆಯದನ್ನು ಪ್ರತಿ ಸಲ ಕತ್ತರಿಸಿ ನೋಡಲು ನಿಮ್ಮ ಮೆಕ್ಯಾನಿಕ್ಕಿಗೆ ಹೇಳಿ. ಗರಗಸ ಅಥವಾ ಗ್ರೈಂಡರ್ ಬೇಡ, ಅದರ ಪುಡಿಯೇ ಕಾಗದಕ್ಕೆ ಬಿದ್ದು ದಾರಿ ತಪ್ಪಿಸುತ್ತದೆ. ಅಂಚಿನ ಮಡಿಕೆಯನ್ನು ಬಿಡಿಸುವ ಫಿಲ್ಟರ್ ಕಟರ್ ಸಿಗುತ್ತದೆ. ಕಾಗದವನ್ನು ಬಿಡಿಸಿ, ಆಯಿಲ್ ಸೋರಿದ ಮೇಲೆ ಬಿಸಿಲಿಗೆ ಹಿಡಿಯಿರಿ. ಬರಿ ಕಪ್ಪು ಕೆಸರಿದ್ದರೆ ಚಿಂತೆಯಿಲ್ಲ. ಅಯಸ್ಕಾಂತಕ್ಕೆ ಅಂಟುವ ಚೂರು ಕಂಡರೆ ಉಕ್ಕು ಅಥವಾ ಎರಕದ ಕಬ್ಬಿಣ ಎಲ್ಲೋ ಸವೆಯುತ್ತಿದೆ. ಅಂಟದ, ಬೆಳ್ಳಗೆ ಅಥವಾ ತಾಮ್ರದ ಬಣ್ಣಕ್ಕೆ ಮಿನುಗುವ ಸಿಪ್ಪೆ ಕಂಡರೆ ಅದು ಬೇರಿಂಗ್. ಆಗ ಲೋಡ್ ಹಾಕದೆ ಚೇಂಬರ್ ಬಿಚ್ಚಿಸಿ. ಚಿಪ್ಪು ಮಾತ್ರ ಬದಲಿಸಿ ಕ್ರ್ಯಾಂಕ್ ಉಳಿಸಿಕೊಳ್ಳುವ ಸಮಯ ಅದೇ.

ಪ್ರಶ್ನೆ: ಫಿಲ್ಟರನ್ನು ಎಷ್ಟು ಬಿಗಿಯಬೇಕು? ಮೊದಲೇ ಆಯಿಲ್ ತುಂಬಿಸಬೇಕೇ?
— ಓದುಗರು, ಶಿಡ್ಲಘಟ್ಟ

ಉತ್ತರ: ಡಬ್ಬಿಯ ಮೇಲೆ ಬರೆದಿರುವಷ್ಟೇ. ಬರೆದಿಲ್ಲದಿದ್ದರೆ, ರಬ್ಬರ್ ರಿಂಗ್ ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು. ರೆಂಚ್ ಇರುವುದು ಬಿಚ್ಚಲು. ಹಾಕುವ ಮೊದಲು ಹಳೆಯ ರಬ್ಬರ್ ರಿಂಗ್ ಫಿಲ್ಟರಿನ ಜೊತೆಗೇ ಬಂದಿದೆಯೇ ನೋಡಿ. ಅದು ಎಂಜಿನ್ನಿಗೆ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದು ಕೂತರೆ ಎರಡು ರಿಂಗ್ ಜಾರಿ ಆಯಿಲ್ ಪಿಚಕಾರಿಯಂತೆ ಹೊರಬರುತ್ತದೆ. ಹೊಸ ರಿಂಗಿಗೆ ಬೆರಳಿನಿಂದ ಆಯಿಲ್ ಸವರಿ. ಫಿಲ್ಟರ್ ಬಾಯಿ ಮೇಲೆ ಮಾಡಿ ನೆಟ್ಟಗೆ ಕೂರುವ ಗಾಡಿಯಾದರೆ, ಕೈಪಿಡಿ ಬೇಡ ಎಂದಿಲ್ಲದಿದ್ದರೆ, ತುಂಬಿಸಿ ಹಾಕಬಹುದು. ಆದರೆ ಸುತ್ತಲಿನ ಸಣ್ಣ ತೂತುಗಳಿಂದ ನಿಧಾನವಾಗಿ ಸುರಿಯಿರಿ. ನಡುವಿನ ದೊಡ್ಡ ತೂತಿಗೆ ಸುರಿದರೆ ಆ ಆಯಿಲ್ ಸೋಸದೆಯೇ ಬೇರಿಂಗಿಗೆ ಹೋಗುತ್ತದೆ. ಸ್ಟಾರ್ಟ್ ಮಾಡಿ ದೀಪ ಆರುವವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ. ಎರಡು ನಿಮಿಷ ಓಡಿಸಿ ನಿಲ್ಲಿಸಿ, ಫಿಲ್ಟರಿನ ಬುಡದ ಸುತ್ತ ಒಣ ಬಟ್ಟೆ ಆಡಿಸಿ ನೋಡಿ. ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು, ಫಿಲ್ಟರ್ ಕುಡಿದಷ್ಟು ಆಯಿಲನ್ನು ಮೇಲೆ ಹಾಕಿ.